ಚಳಿಗಾಲದ ಬಿಸಿನೀರು: ನಮ್ಮ ಬೋರ್ ನೀರಿಗೆ ಯಾವುದು ಬಾಳಿಕೆ ಬರುತ್ತದೆ?

ರಾಯಚೂರಿನಲ್ಲಿ ಮನೆ ಬೆಚ್ಚಗೆ ಮಾಡುವ ಮಾತೇ ಇಲ್ಲ, ವರ್ಷದ ಬಹುಪಾಲು ಮನೆ ತಣ್ಣಗಿಡುವುದೇ ದೊಡ್ಡ ಕೆಲಸ. ಆದರೆ ಡಿಸೆಂಬರ್ ಬೆಳಗ್ಗೆ ಬಿಸಿನೀರಿಲ್ಲ ಅಂದರೆ ಯಾರೂ ಬಚ್ಚಲ ಕಡೆ ತಲೆ ಹಾಕುವುದಿಲ್ಲ. ಹಂಡೆ, ರಾಡು, ಕರೆಂಟ್ ಗೀಸರ್, ಗ್ಯಾಸ್ ಗೀಸರ್, ಸೋಲಾರ್, ಎಲ್ಲ ನಮ್ಮ ಮನೆಯಲ್ಲಿ ಬಳಸಿ ನೋಡಿದ್ದೇವೆ. ಎಲ್ಲರೂ ಕೇಳುವುದು ಖರ್ಚು ಎಷ್ಟು ಅಂತ. ನಾನು ಮೊದಲು ಕೇಳುವುದು, ಬಿಳಿ ಪರೆ ತೆಗೆಯುವುದು ಸುಲಭವೋ ಇಲ್ಲವೋ ಅಂತ. ಬೋರ್ ನೀರಿನ ಸುಣ್ಣ ಬಿಸಿಯಾದ ಕಡೆಯೆಲ್ಲ ಕಚ್ಚಿಕೊಳ್ಳುತ್ತದೆ, ಅಲ್ವಾ?

ಆ ಲೆಕ್ಕದಲ್ಲಿ ಹಂಡೆಯನ್ನು ಮೀರಿಸುವುದು ಯಾವುದೂ ಇಲ್ಲ. ಕೈ ಹಾಕಿ ತಿಕ್ಕಿದರೆ ಮುಗಿಯಿತು. ಹತ್ತಿ ಕಟ್ಟಿಗೆಯೋ ಬಳ್ಳಾರಿ ಜಾಲಿಯೋ ಸಿಕ್ಕರೆ ಉರುವಲಿನ ಖರ್ಚೂ ಕಡಿಮೆ. ಆದರೆ ಹೊಗೆ, ಮಸಿ, ನಸುಕಿನಲ್ಲಿ ಎದ್ದು ಒಲೆ ಹಚ್ಚುವವರು ಯಾರು? ಅತ್ತೆ ಮಾತ್ರ ಇನ್ನೂ ಅದೇ ನೀರು ಮೈಗೆ ಹಿತ ಅನ್ನುತ್ತಾರೆ.

ರಾಡು ಅಗ್ಗ. 1500 ವ್ಯಾಟಿನದು 20 ಲೀಟರ್ ಬಕೆಟ್ ಅನ್ನು ಅರ್ಧ ಗಂಟೆಯೊಳಗೆ ಸ್ನಾನಕ್ಕೆ ಸಾಕಾಗುವಷ್ಟು ಕಾಯಿಸುತ್ತದೆ, ಸುಮಾರು ಅರ್ಧ ಯೂನಿಟ್ ಹೋಗುತ್ತದೆ. ಸ್ಟೀಲ್ ಬಕೆಟ್ ಬೇಡವೇ ಬೇಡ, ಪ್ಲಗ್ ಕೀಳದೆ ನೀರು ಮುಟ್ಟಬೇಡಿ, ಮಕ್ಕಳಿರುವ ಮನೆಯಲ್ಲಿ ಬಚ್ಚಲಲ್ಲಿ ಬಿಟ್ಟು ಹೋಗಲೇಬೇಡಿ.

ಗ್ಯಾಸ್ ಗೀಸರ್ ನನಗೆ ಇಷ್ಟವಿಲ್ಲ. ನಳ ತಿರುಗಿಸಿದ ಕೂಡಲೇ ಬಿಸಿನೀರು ಬರುವುದೇನೋ ನಿಜ, ಕರೆಂಟ್ ಹೋದರೂ ನಡೆಯುತ್ತದೆ, ಸೆಲ್ಲಿನಿಂದ ಕಿಡಿ ಹತ್ತುತ್ತದೆ. ಆದರೆ ಒಳಗಿನ ತಾಮ್ರದ ಕೊಳವೆ ಸಣ್ಣದು, ಪರೆ ಕಟ್ಟಿದರೆ ನೀರು ದಾರದಂತೆ ಬರುತ್ತದೆ. ಅದಕ್ಕಿಂತ ದೊಡ್ಡ ಮಾತು, ಕಿಟಕಿ ಮುಚ್ಚಿದ ಬಚ್ಚಲಲ್ಲಿ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯೇ ಇಲ್ಲ, ಜನ ಸತ್ತಿದ್ದಾರೆ. ಹಾಕಲೇಬೇಕು ಅಂದರೆ ಬಚ್ಚಲ ಹೊರಗೆ, ಗಾಳಿ ಆಡುವ ಕಡೆ ಹಾಕಿಸಿ.

ಉಳಿದದ್ದು ಎರಡೇ. 15 ಲೀಟರಿನ, 2 ಕಿಲೋವ್ಯಾಟಿನ ಕರೆಂಟ್ ಗೀಸರ್ ದಿನಕ್ಕೆ ಒಟ್ಟು ಒಂದು ಗಂಟೆ ಕಾದರೆ ತಿಂಗಳಿಗೆ 60 ಯೂನಿಟ್. ಗೃಹಜ್ಯೋತಿ ಇದ್ದವರು ಇದನ್ನು ನೋಡಿಕೊಳ್ಳಬೇಕು: ನಿಮ್ಮ ಮನೆಗೆ ಗೊತ್ತುಮಾಡಿದ ಯೂನಿಟ್ ದಾಟಿದರೆ ಹೆಚ್ಚಿನದಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ದೀಪಾವಳಿ ಹೊತ್ತಿಗೆ ಪ್ಲಂಬರನ್ನು ಕರೆಸಿ, ಮೇನ್ ಸ್ವಿಚ್ ಆಫ್ ಮಾಡಿ, ನೀರು ಖಾಲಿ ಮಾಡಿ, ಕಾಯಿಲ್ ಬಿಚ್ಚಿಸಿ. ಪರೆಯನ್ನು ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರಿನಲ್ಲಿ ನೆನೆಸಿದರೆ ಬಿಡುತ್ತದೆ. ಜೊತೆಗೆ ಮೆಗ್ನೀಸಿಯಂ ಸರಳು ತೋರಿಸು ಅಂತ ಕೇಳಿ. ಟ್ಯಾಂಕಿಗೆ ತುಕ್ಕು ಹಿಡಿಯುವ ಬದಲು ತಾನೇ ಸವೆಯಲಿ ಅಂತ ಅದನ್ನು ಹಾಕಿರುತ್ತಾರೆ. ಸವೆದು ತಂತಿ ಉಳಿದಿದ್ದರೆ ಹೊಸದು ಹಾಕಿಸಿ. ಕೇಳದಿದ್ದರೆ ಸುಮ್ನೆ ಮುಚ್ಚಿ ಹೋಗುತ್ತಾರೆ.

ನನ್ನ ಓಟು ಸೋಲಾರಿಗೆ, ಅದರಲ್ಲೂ ಗಾಜಿನ ಟ್ಯೂಬಿನದಕ್ಕೆ. ತಾಮ್ರದ ಪ್ಲೇಟಿನದು ಗಟ್ಟಿ, ಆದರೆ ಬೋರ್ ನೀರು ಹರಿದರೆ ಒಳಗಿನ ಸಣ್ಣ ಪೈಪು ಕಟ್ಟಿಕೊಳ್ಳುತ್ತದೆ. ಟ್ಯೂಬನ್ನು ಬಿಚ್ಚಿ ತೊಳೆಯಬಹುದು, ಒಡೆದರೆ ಒಂದನ್ನೇ ಬದಲಿಸಬಹುದು. ನಮ್ಮ ಕಡೆ ಚಳಿಗಾಲದಲ್ಲಿ ಮೋಡವೂ ಕಡಿಮೆ. ತಯಾರಿ ಇಷ್ಟು: ಸೂರ್ಯ ದಕ್ಷಿಣಕ್ಕೆ ಸರಿದಿರುವುದರಿಂದ ಪಕ್ಕದ ಮನೆಯ ಹೊಸ ಮಹಡಿಯ ನೆರಳು ಟ್ಯೂಬಿನ ಮೇಲೆ ಬೀಳುತ್ತದಾ ನೋಡಿ. ಅಕ್ಕಿ ಮಿಲ್ಲಿನ ಹತ್ತಿರ ಮನೆ ಇದ್ದರೆ ಬೂದಿ ಜಾಸ್ತಿ ಕೂರುತ್ತದೆ, ಅದನ್ನು ನಸುಕಿನಲ್ಲೇ ಒರೆಸಿ. ಬಿಸಿಲಿಗೆ ಕಾದ ಖಾಲಿ ಟ್ಯೂಬಿಗೆ ತಣ್ಣೀರು ಬಿದ್ದರೆ ಸಿಡಿಯುತ್ತದೆ. ಮಹಡಿಯಿಂದ ಕೆಳಗೆ ಬರುವ ಪೈಪಿಗೆ ಫೋಮ್ ಸುತ್ತಿಸಿ, ಇಲ್ಲದಿದ್ದರೆ ಬೆಳಗ್ಗೆ ಬಿಸಿ ಬರುವಷ್ಟರಲ್ಲಿ ಬಕೆಟ್ ಗಟ್ಟಲೆ ತಣ್ಣೀರು ಹೋಗುತ್ತದೆ. ಆ ನೀರನ್ನು ನಾವು ಪಾತ್ರೆಗೆ ಹಿಡಿದಿಡುತ್ತೇವೆ. ಮೋಡದ ದಿನಕ್ಕೆ ಹಳೆಯ ಗೀಸರನ್ನು ಅದೇ ಲೈನಿಗೆ ಜೋಡಿಸಿದ್ದೇವೆ, ಅದು ಬೇಕಾಗುವುದು ಅಪರೂಪ.