ಕತ್ತಿನ ಎಂಆರ್‌ಐ ಮಾಡಿಸುವ ಮುನ್ನ ಯಂತ್ರ ಎಷ್ಟು ಟೆಸ್ಲಾದ್ದೆಂದು ಕೇಳಿ

ದಿನಕ್ಕೆ ನಾಲ್ಕು ಮಾರು ಹೂ ಕಟ್ಟುತ್ತಿದ್ದ ನನ್ನ ತಾಯಿಯ ಬೆರಳುಗಳಿಂದ ಮಲ್ಲಿಗೆ ಮೊಗ್ಗು ಜಾರತೊಡಗಿದಾಗ ನಾವು ಅದನ್ನು ವಯಸ್ಸಿನ ದೋಷವೆಂದುಕೊಂಡೆವು. ಕುಪ್ಪಸದ ಹುಕ್ಕು ಹಾಕಲೂ ತಂಗಿಯನ್ನು ಕರೆಯುವಂತಾಗಿ, ನಡಿಗೆಯೂ ತಡವರಿಸತೊಡಗಿದ ಮೇಲೆ, ಕತ್ತಿನಲ್ಲಿ ಬೆನ್ನುಹುರಿಗೆ ಒತ್ತಡ ಬಿದ್ದಿರಬಹುದೆಂದು ಶಂಕಿಸಿದ ವೈದ್ಯರು ಕತ್ತು ಮತ್ತು ಮೇಲ್ಬೆನ್ನಿನ ಎಂಆರ್‌ಐಗೆ ಬರೆದುಕೊಟ್ಟರು.

ಕೊಳವೆಯಂಥ ಯಂತ್ರದೊಳಗೆ ಮಲಗಲು ಅಮ್ಮ ಹೆದರಿದರು. ದರವೂ ಕಡಿಮೆಯೆಂದು ನಾನು ಅವರನ್ನು ಪಕ್ಕಗಳು ತೆರೆದಿರುವ ‘ಓಪನ್ ಎಂಆರ್‌ಐ’ ಯಂತ್ರ ಇದ್ದ ಸೆಂಟರೊಂದಕ್ಕೆ ಕರೆದೊಯ್ದೆ. ಅದು 0.3 ಟೆಸ್ಲಾದ ಯಂತ್ರವೆಂದು ಅಲ್ಲಿ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಟೆಸ್ಲಾ ಎಂದರೆ ಯಂತ್ರದ ಅಯಸ್ಕಾಂತ ಎಷ್ಟು ಬಲವಾದದ್ದೆಂದು ಹೇಳುವ ಅಳತೆ. ಸಾಮಾನ್ಯವಾಗಿ ಬಳಕೆಯಲ್ಲಿರುವ 1.5 ಅಥವಾ 3 ಟೆಸ್ಲಾ ಯಂತ್ರಗಳಿಗಿಂತ ಇದರಲ್ಲಿ ದೇಹದಿಂದ ಸಿಗುವ ಸಂಕೇತ ಬಹಳ ದುರ್ಬಲವಾಗಿರುವುದರಿಂದ ಚಿತ್ರ ತೆಗೆಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಹೊತ್ತು ಹೆಚ್ಚಿದಷ್ಟೂ ರೋಗಿ ಅಲುಗುವ ಸಂಭವ ಹೆಚ್ಚು. ಕತ್ತಿನ ಸ್ಕ್ಯಾನಿಗಂತೂ ತಲೆ ಅಲುಗದಿದ್ದರೆ ಸಾಲದು. ಯಂತ್ರದ ಸದ್ದು ಕೇಳುತ್ತಿರುವಷ್ಟು ಹೊತ್ತು ಉಗುಳು ನುಂಗುವುದನ್ನೂ ಆದಷ್ಟು ತಡೆದುಕೊಳ್ಳಬೇಕು, ಏಕೆಂದರೆ ಗಂಟಲಿನ ಚಲನೆ ಚಿತ್ರವನ್ನು ಮಸುಕಾಗಿಸುತ್ತದೆ. ಕೆಮ್ಮು ಇದ್ದ ಅಮ್ಮನಿಗೆ ಈ ಮಾತನ್ನು ಒಬ್ಬರೂ ಹೇಳಲಿಲ್ಲ.

‘ಸಿ5–ಸಿ6 ಡಿಸ್ಕ್ ಸ್ವಲ್ಪ ಉಬ್ಬಿದೆ’, ಅಂದರೆ ಕತ್ತಿನ ಐದನೆಯ ಮತ್ತು ಆರನೆಯ ಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ, ಎಂಬ ವರದಿ ಓದಿ ನಾವು ಸಮಾಧಾನಪಟ್ಟೆವು. ಇಂಥ ಉಬ್ಬು ನೋವೇ ಇಲ್ಲದ ಎಷ್ಟೋ ಜನರಲ್ಲಿಯೂ ಕಾಣುತ್ತದೆ. ಕಾಲರ್ ಕಟ್ಟಿಕೊಂಡು, ಮಾತ್ರೆ ನುಂಗಿಕೊಂಡು ಮೂರು ವಾರ ಕಳೆದುಹೋದವು. ಆಮೇಲೆ ನೋಡಿದ ನರಶಸ್ತ್ರವೈದ್ಯರು ಫಿಲ್ಮನ್ನು ಬೆಳಕಿಗೆ ಹಿಡಿದು, ಕಿರುಬೆರಳಿನಷ್ಟು ದಪ್ಪದ ಬೆನ್ನುಹುರಿಯ ಅಂಚೇ ಇದರಲ್ಲಿ ತಿಳಿಯುತ್ತಿಲ್ಲ, ಅಡ್ಡಸೀಳಿನ ಚಿತ್ರಗಳೂ ಸಾಕಷ್ಟಿಲ್ಲ ಎಂದರು. ಸ್ಕ್ಯಾನಿನ ಚಿತ್ರಗಳಿರುವ ಸಿಡಿ ಕೇಳಿದರು, ನಮಗೆ ಕೊಟ್ಟಿರಲಿಲ್ಲ.

ಎರಡನೆಯ ಸ್ಕ್ಯಾನನ್ನು 1.5 ಟೆಸ್ಲಾ ಯಂತ್ರದಲ್ಲಿ ಮಾಡಿಸಿದೆವು. ಅದೇ ಜಾಗದಲ್ಲಿ ಬೆನ್ನುಹುರಿ ಅಪ್ಪಚ್ಚಿಯಾಗಿ, ಒಳಗೆ ಹುರಿಗೆ ಪೆಟ್ಟಾಗಿರುವುದನ್ನು ಸೂಚಿಸುವ ಬಿಳಿಯ ಮಚ್ಚೆ ಸ್ಪಷ್ಟವಾಗಿ ಕಾಣುತ್ತಿತ್ತು. ಮುಚ್ಚಿದ ಯಂತ್ರಗಳಲ್ಲಿಯೂ 70 ಸೆಂಟಿಮೀಟರ್ ಅಗಲದ ಬಾಯಿಯವು ಸಿಗುತ್ತವೆಂಬುದು ನನಗೆ ತಿಳಿದದ್ದು ಆಗಲೇ. ತಂತ್ರಜ್ಞೆ ಅಮ್ಮನ ಕಣ್ಣಿಗೆ ಬಟ್ಟೆ ಮುಚ್ಚಿ, ಹೆದರಿಕೆಯಾದರೆ ಒತ್ತಲೆಂದು ರಬ್ಬರ್ ಬುಗ್ಗೆಯನ್ನು ಕೊಟ್ಟರು. ಬಲಗೈಯಲ್ಲಿ ಹಿಡಿತವಿಲ್ಲವೆಂದು ನೋಡಿ ಎಡಗೈಗೆ ಬದಲಿಸಿದರು. ಅಮ್ಮ ಅದನ್ನು ಒಮ್ಮೆಯೂ ಒತ್ತಲಿಲ್ಲ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಕೈಯ ಹಿಡಿತ ತಪ್ಪುತ್ತಿದ್ದು ಈ ಸ್ಕ್ಯಾನಿಗೆ ಬರೆದುಕೊಟ್ಟಿದ್ದರೆ, ದಿನ ಗೊತ್ತುಮಾಡುವ ಮೊದಲೇ ಟೆಸ್ಲಾ ಎಷ್ಟೆಂದು ಫೋನಿನಲ್ಲಿ ಕೇಳಿ, ಕೆಮ್ಮು ಇದ್ದರೆ ತಿಳಿಸಿ, ಸಿಡಿ ಪಡೆಯದೆ ಹೊರಡಬೇಡಿ. ಶಸ್ತ್ರಚಿಕಿತ್ಸೆಯ ನಂತರ ಅಮ್ಮನ ನಡಿಗೆ ನೆಟ್ಟಗಾಗಿದೆ. ಹುಕ್ಕು ಹಾಕಿಕೊಳ್ಳುತ್ತಾರೆ. ಮಲ್ಲಿಗೆಯ ಮೊಗ್ಗು ಮಾತ್ರ ಇನ್ನೂ ಜಾರುತ್ತದೆ.