ಹಳೆ ಬುಲೆಟ್‌ನ ಗೇರ್ ಶಾಫ್ಟ್ ಬಿಚ್ಚಿಸಿದ್ದೀರಾ? ಘಾಟಿ ಇಳಿಯುವ ಮುಂಚೆ ಇದನ್ನು ಓದಿ

ನಮ್ಮಪ್ಪನ ಬುಲೆಟ್ 1986ರದ್ದು. ಬಲಗಾಲಿಗೆ ಗೇರ್, ಎಡಗಾಲಿಗೆ ಬ್ರೇಕ್ ಇರುವ, ನಾಲ್ಕು ಗೇರಿನ ಆಲ್ಬಿಯನ್ ಗೇರ್‌ಬಾಕ್ಸ್‌ನ ಗಾಡಿ. ಗೇರ್ ಪೆಡಲ್ ಹತ್ತಿರ ಆಯಿಲ್ ಸೋರುತ್ತಿತ್ತು. ಒಂದು ಗ್ಯಾರೇಜಿಗೆ ಕೊಟ್ಟೆ. ಅವರು ಕವರ್ ಬಿಚ್ಚಿ, ಪೆಡಲ್ ಕೂರುವ ಗೇರ್ ಶಾಫ್ಟ್ ಹೊರಗೆ ತೆಗೆದು, ಬುಷ್, ಸೀಲ್ ಹೊಸದು ಹಾಕಿ ಮುಚ್ಚಿದರು. ಸೋರಿಕೆ ನಿಂತಿತು.

ಮನೆಗೆ ಬರುವಾಗಲೇ ಪೆಡಲ್ ಸಡಿಲ ಅನ್ನಿಸಿತು. ಗೇರ್ ಬಿದ್ದ ಮೇಲೆ ಅದು ನಡುವಿಗೆ ಪಟ್ಟನೆ ವಾಪಸ್ ಬರಬೇಕು, ಅಲ್ವಾ? ಬರುತ್ತಿರಲಿಲ್ಲ. ಫೋನ್ ಮಾಡಿ ಕೇಳಿದೆ. "ಹೊಸ ಬುಷ್ ಸಾರ್, ಓಡಿಸ್ತಾ ಓಡಿಸ್ತಾ ಸೆಟ್ ಆಗುತ್ತೆ" ಅಂದರು. ನಂಬಿದೆ.

ಮುಂದಿನ ಭಾನುವಾರ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಹಿಂದೆ ತಮ್ಮ ಕೂತಿದ್ದ. ಈ ಗಾಡಿಯಲ್ಲಿ ಒಂದನೇ ಗೇರ್ ಮೇಲೆ, ಉಳಿದ ಮೂರು ಕೆಳಗೆ. ಅಂದರೆ ಗೇರ್ ಇಳಿಸಲು ಪೆಡಲನ್ನು ಮೇಲಕ್ಕೆ ಎತ್ತಬೇಕು. ನಾಲ್ಕರಿಂದ ಮೂರಕ್ಕೆ ಬಂತು. ತಿರುವು ಹತ್ತಿರ ಬಂದಾಗ ಎರಡಕ್ಕೆ ಎತ್ತಿದೆ. ಏನೂ ಆಗಲಿಲ್ಲ. ಪೆಡಲ್ ಮೇಲೆಯೇ ನಿಂತುಬಿಟ್ಟಿತ್ತು, ಗೇರ್ ಬದಲಿಸುವ ಒಳಗಿನ ಕೊಕ್ಕೆ (ಪಾಲ್) ಮುಂದಿನ ಹಲ್ಲು ಹಿಡಿದಿರಲೇ ಇಲ್ಲ. ಕಾಲಲ್ಲಿ ಕೆಳಗೆ ತಳ್ಳಿ ಮತ್ತೆ ಎತ್ತಿದೆ. ಈ ಸಲ ಎರಡು ಗೇರಿನ ನಡುವೆ ಸಿಕ್ಕಿಕೊಂಡಿತು. ಎಂಜಿನ್ ಹಿಡಿತ ಪೂರ್ತಿ ಹೋಯಿತು. ಇಳಿಜಾರು, ಬಿಸಿಯಾಗಿದ್ದ ಡ್ರಮ್ ಬ್ರೇಕು, ಎದುರಿಗೆ ಬಸ್ಸು. ಬಸ್ಸಿನವರು ನಿಲ್ಲಿಸಿದರು. ನಾನು ಗುಡ್ಡದ ಕಡೆಯ ಚರಂಡಿಗೆ ಇಳಿಸಿದೆ. ತಮ್ಮನ ಮೊಣಕೈ ತರಚಿತು. ಆ ತಿರುವಿನ ಇನ್ನೊಂದು ಕಡೆ ಪ್ರಪಾತ.

ಆಮೇಲೆ ಬೇರೆ ಮೆಕ್ಯಾನಿಕ್ ಒಬ್ಬರು ನನ್ನ ಎದುರಿಗೇ ಬಿಚ್ಚಿದರು. ಪೆಡಲನ್ನು ನಡುವಿಗೆ ತರುವ ರಿಟರ್ನ್ ಸ್ಪ್ರಿಂಗಿನ ಒಂದು ಕಾಲು ತನ್ನ ಜಾಗದಲ್ಲಿ ಕೂತೇ ಇರಲಿಲ್ಲ. ಶಾಫ್ಟಿನ ಒಂದು ವಾಷರ್ ವಾಪಸ್ ಹಾಕಿರಲಿಲ್ಲ. ಹಾಗಾಗಿ ಶಾಫ್ಟ್ ಒಳಗೂ ಹೊರಗೂ ಆಡುತ್ತಿತ್ತು. ಪ್ಯಾಕಿಂಗ್ ಬದಲು ಸಿಲಿಕಾನ್ ಮೆತ್ತಿದ್ದರು, ಅದರ ಚೂರುಗಳು ಆಯಿಲ್‌ನಲ್ಲಿ ತೇಲುತ್ತಿದ್ದವು. ಅರ್ಧಂಬರ್ಧ ಗೇರ್ ಬಿದ್ದು ಮೂರನೇ ಗೇರಿನ ಡಾಗ್‌ಗಳ, ಅಂದರೆ ಗೇರ್ ಹಿಡಿದು ನಿಲ್ಲಿಸುವ ದಪ್ಪ ಹಲ್ಲುಗಳ, ಮೂಲೆ ಉರುಟಾಗಿತ್ತು. ನನಗೆ ಹೆಚ್ಚು ಸಿಟ್ಟು ಬಂದದ್ದು ಇದಕ್ಕೇ. ಒಂದು ವಾಷರ್, ಒಂದು ಸ್ಪ್ರಿಂಗ್ ಸರಿ ಕೂರಿಸಿದ್ದರೆ ಈ ಗೇರ್ ಉಳಿಯುತ್ತಿತ್ತು.

ಪೆಡಲ್ ಹತ್ತಿರ ಎರಡು ಬೋಲ್ಟಿನ ಸಣ್ಣ ಅಡ್ಜಸ್ಟರ್ ಪ್ಲೇಟ್ ಇರುತ್ತೆ. ಪೆಡಲ್ ಮೇಲಕ್ಕೂ ಕೆಳಕ್ಕೂ ಸಮನಾಗಿ ಕೆಲಸ ಮಾಡುವ ಹಾಗೆ ಹೊಂದಿಸುವುದು ಅದರಲ್ಲೇ. ನನ್ನ ಗಾಡಿಯಲ್ಲಿ ಅದನ್ನು ಒಂದು ಪಕ್ಕಕ್ಕೆ ಸುಮ್ನೆ ಬಿಗಿದಿದ್ದರು. ಬೋಲ್ಟ್ ಸಡಿಲಿಸಿ ಒಂಚೂರು ಸರಿಸಿದರೂ ಸಾಕು, ವ್ಯತ್ಯಾಸ ಗೊತ್ತಾಗುತ್ತೆ. ಆದರೆ ಒಳಗೆ ಸ್ಪ್ರಿಂಗೇ ತಪ್ಪಿದ್ದರೆ ಪ್ಲೇಟ್ ಎಷ್ಟು ಸರಿಸಿದರೂ ಉಪಯೋಗವಿಲ್ಲ.

ಶಾಫ್ಟ್ ಕೆಲಸ ಮಾಡಿಸಿದವರು ಗ್ಯಾರೇಜಿನಲ್ಲೇ ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿಸಿ. ಎಂಜಿನ್ ಆಫ್ ಇರಲಿ. ಒಬ್ಬರು ಹಿಂದಿನ ಚಕ್ರ ಮೆಲ್ಲಗೆ ತಿರುಗಿಸಲಿ, ನೀವು ಕೈಯಲ್ಲಿ ಪೆಡಲ್ ಹಿಡಿದು ಒಂದರಿಂದ ನಾಲ್ಕಕ್ಕೆ ಹೋಗಿ, ನಾಲ್ಕರಿಂದ ಒಂದಕ್ಕೆ ಬನ್ನಿ. ಪ್ರತಿ ಸಲ ಕೈ ಬಿಟ್ಟ ತಕ್ಷಣ ಪೆಡಲ್ ನಡುವಿಗೆ ಬರಬೇಕು. ಒಂದು ಸಲ ತಪ್ಪಿದರೂ ಗಾಡಿ ಅಲ್ಲೇ ಇರಲಿ, ಆಟೋದಲ್ಲಿ ಮನೆಗೆ ಹೋಗಿ. ಬಿಚ್ಚುವಾಗ ಪಕ್ಕದಲ್ಲಿ ನಿಂತು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ವಾಷರ್‌ಗಳನ್ನು ಎಣಿಸಿ. ಹಿಮ್ಮಡಿಯಲ್ಲಿ ಒತ್ತುವ ನ್ಯೂಟ್ರಲ್ ಲಿವರ್ ಇದೆಯಲ್ಲ, ಅದು ಕೆಲಸ ಮಾಡಿತು ಅಂತ ಶಾಫ್ಟ್ ಸರಿಯಿದೆ ಅಂದುಕೊಳ್ಳಬೇಡಿ. ನನ್ನದರಲ್ಲಿ ಅದು ಚೆನ್ನಾಗೇ ಕೆಲಸ ಮಾಡುತ್ತಿತ್ತು.

ಮೂರನೇ ಗೇರ್ ಇನ್ನೂ ಸಿಕ್ಕಿಲ್ಲ. ಬಾಕ್ಸ್ ಬಿಚ್ಚಿದ ಹಾಗೇ ಬೆಂಚಿನ ಮೇಲಿದೆ.