ಫ್ಯಾಮಿಲಿಸರ್ಚ್: ಪುಣೆಯಲ್ಲಿ ಕೂತು ಬೀಗರ ಮನೆತನ ಹುಡುಕಿದ್ದು

ಫ್ಯಾಮಿಲಿಸರ್ಚ್ ಅಂದರೆ ವಂಶದ ಹಳೆಯ ದಾಖಲೆ ಹುಡುಕುವ ಸೈಟು. ರೇಟಿಂಗ್: 5ಕ್ಕೆ 4. ಕೋಥ್ರೂಡ್‌ನ ಮನೆಯಿಂದಲೇ ಹಲವು ವರ್ಷಗಳ ಬಳಕೆ.

ನಮ್ಮ ಅಳಿಯ ಅಮೆರಿಕದವನು. ಅವರ ಮನೆತನದ ಹಿರಿಯರೊಬ್ಬರು 1861–65ರ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ, ಅಂದರೆ ಕೇಂದ್ರ ಸರ್ಕಾರದ ಪಡೆಯಲ್ಲಿ ಸಾದಾ ಸಿಪಾಯಿ. ಬೀಗರಿಗೂ ಅಷ್ಟೇ ಗೊತ್ತಿತ್ತು. ಜನರಲ್‌ಗಳ ಬಗ್ಗೆ ಬೇಕಾದಷ್ಟು ಪುಸ್ತಕಗಳಿವೆ. ಸಿಪಾಯಿಯ ಹೆಂಡತಿ ಯಾರು, ಮಕ್ಕಳು ಏನಾದರು ಅಂತ ಹೇಳುವವರು ಯಾರು? ನಮ್ಮ ಕಡೆ ಹೆಳವರು ಎತ್ತಿನ ಜೊತೆ ಮನೆ ಬಾಗಿಲಿಗೆ ಬಂದು ತಲೆಮಾರುಗಳ ಹೆಸರು ಹೇಳುತ್ತಿದ್ದರಲ್ವಾ, ಅಲ್ಲಿ ಆ ಕೆಲಸವನ್ನು ಪಿಂಚಣಿ ಕಡತಗಳು ಮಾಡುತ್ತವೆ. ಆ ಕಡತದ ತನಕ ನಮ್ಮನ್ನು ಕರೆದುಕೊಂಡು ಹೋಗಿದ್ದು ಫ್ಯಾಮಿಲಿಸರ್ಚ್.

ಸೈಟು ಪೂರ್ತಿ ಉಚಿತ. ಅಮೆರಿಕದ ಮಾರ್ಮನ್ ಚರ್ಚ್ ಅನ್ನುವ ಕ್ರೈಸ್ತ ಪಂಥ ನಡೆಸುತ್ತದೆ. ಖಾತೆ ತೆರೆದರೆ ಸಾಕು. ಮೊದಲು ಅಮೆರಿಕದ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಸಿಪಾಯಿಗಳ ಪಟ್ಟಿಯಲ್ಲಿ ರೆಜಿಮೆಂಟ್ ನೋಡಿಕೊಳ್ಳಿ. ಆಮೇಲೆ ಇಲ್ಲಿ ಪಿಂಚಣಿ ಸೂಚಿಯ ಕಾರ್ಡ್ ಹುಡುಕಿ. ಒಂದು ಚಿಕ್ಕ ಕಾರ್ಡ್ ಅಷ್ಟೇ: ಸಿಪಾಯಿಯ ಹೆಸರು, ಕೆಳಗೆ ವಿಧವೆಯ ಹೆಸರು, ರೆಜಿಮೆಂಟ್, ಅರ್ಜಿ ಹಾಕಿದ ತಾರೀಕು, ಅರ್ಜಿ ಸಂಖ್ಯೆ, ಮಂಜೂರಾತಿ ಸಂಖ್ಯೆ. ಮಂಜೂರಾತಿ ಜಾಗ ಖಾಲಿ ಇದ್ದರೆ ಕೈಬಿಡಬೇಡಿ. ತಿರಸ್ಕರಿಸಿದ ಅರ್ಜಿಗಳ ಕಡತಗಳನ್ನೂ ಇಟ್ಟಿದ್ದಾರೆ.

ಕಡತದ ಪ್ರತಿಯನ್ನು ವಾಷಿಂಗ್ಟನ್‌ನ ನ್ಯಾಷನಲ್ ಆರ್ಕೈವ್ಸ್‌ನಿಂದ ಅಳಿಯ ತರಿಸಿಕೊಟ್ಟ. ನಾವು ತರಿಸಿದಾಗ 80 ಡಾಲರ್ ಆಯ್ತು. ದುಡ್ಡು ಜಾಸ್ತಿ ಅನ್ನಿಸಬಹುದು, ಆದರೆ ಒಂದೊಂದು ಪುಟಕ್ಕೂ ಬೆಲೆಯಿದೆ. 1862ರ ಕಾನೂನಿನಡಿ ಪಿಂಚಣಿ ಬೇಕಾದ ವಿಧವೆ ತನ್ನ ಮದುವೆಯನ್ನೂ ಮಕ್ಕಳ ಹುಟ್ಟನ್ನೂ ಸಾಬೀತು ಮಾಡಬೇಕಿತ್ತು. ದಾಖಲೆ ಇಲ್ಲದವರು ಹೆರಿಗೆ ಮಾಡಿಸಿದವರಿಂದ, ನೆರೆಹೊರೆಯವರಿಂದ ಪ್ರಮಾಣ ಮಾಡಿಸಿ ಹೇಳಿಕೆ ಬರೆಸಿದರು. ಎಷ್ಟೋ ಮಂದಿ ಮನೆಯ ಬೈಬಲ್‌ನಲ್ಲಿ ಮಕ್ಕಳ ಹೆಸರು ಬರೆದಿಟ್ಟ ಹಾಳೆಯನ್ನೇ ಹರಿದು ಕಳಿಸಿದರು. ನಮಗೆ ಬಂದ ಪ್ರತಿಯಲ್ಲಿ ಆ ಸಿಪಾಯಿಯ ವಿಧವೆಯ, ಅಂದರೆ ಬೀಗರ ಮನೆತನದ ಆ ಅಜ್ಜಿಯ ಸಹಿ ಇಲ್ಲ. ಒಂದು ಗೀಟಿನ ಗುರುತು, ಪಕ್ಕದಲ್ಲಿ ಇಬ್ಬರ ಸಾಕ್ಷಿ. ಅದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು. ಬಡವಿಯನ್ನು ಅಷ್ಟೊಂದು ಅಲೆಸಿದ್ದಕ್ಕೇ ಇವತ್ತು ಅವರ ವಂಶದ ಕಥೆ ಉಳಿದಿದೆ.

ಕಪ್ಪು ಸಿಪಾಯಿಗಳ ವಂಶದವರಿಗಂತೂ ಇದು ಇನ್ನೂ ಮುಖ್ಯ. ಉತ್ತರದ ಸೇನೆಯಲ್ಲಿ ಸುಮಾರು 1,79,000 ಕಪ್ಪು ಸೈನಿಕರಿದ್ದರು. ಗುಲಾಮರಾಗಿದ್ದವರ ಹೆಸರು ಜನಗಣತಿಯಲ್ಲಿ ಎಲ್ಲರಂತೆ ಬಂದಿದ್ದು 1870ರಲ್ಲಿ. ಅದಕ್ಕಿಂತ ಹಿಂದಿನ ಬದುಕು ಗೊತ್ತಾಗಬೇಕಾದರೆ ಈ ಪಿಂಚಣಿ ಕಡತಗಳಲ್ಲಿ ಜೊತೆಗಾರರು ಹೇಳಿದ ಸಾಕ್ಷಿ ದೊಡ್ಡ ಆಧಾರ. ದಕ್ಷಿಣದ ಪಡೆಯವರಿಗೆ ಕೇಂದ್ರದ ಪಿಂಚಣಿ ಇರಲಿಲ್ಲ. ಅವರನ್ನು ಆಯಾ ರಾಜ್ಯಗಳ ದಾಖಲೆಗಳಲ್ಲಿ ಹುಡುಕಬೇಕು.

ಒಂದು ಸ್ಟಾರ್ ಕಡಿಮೆ ಯಾಕೆ? ಇಲ್ಲಿನ ವಂಶವೃಕ್ಷವನ್ನು ಯಾರು ಬೇಕಾದರೂ ತಿದ್ದಬಹುದು. ಒಂದೇ ಹೆಸರಿನ ಇಬ್ಬರನ್ನು ಸುಮ್ನೆ ಜೋಡಿಸಿಬಿಟ್ಟಿರುತ್ತಾರೆ. ಮೂಲ ಕಾಗದದ ಚಿತ್ರ ನೋಡದೆ ಯಾವುದನ್ನೂ ಒಪ್ಪಬೇಡಿ. ಕೆಲವು ಚಿತ್ರಗಳು ಮನೆಯಿಂದ ತೆರೆಯುವುದೂ ಇಲ್ಲ, ಅವರ ಕೇಂದ್ರಕ್ಕೇ ಹೋಗಬೇಕು. ಹಾಗಂತ ಹಣ ಕಟ್ಟುವ ಸೈಟಿಗೆ ಮೊದಲೇ ಓಡಬೇಡಿ. ಅಂಥದ್ದೊಂದರಲ್ಲಿ ಉಚಿತ ಅವಧಿ ಮುಗಿದದ್ದೇ ನಮ್ಮ ಕಾರ್ಡಿನಿಂದ ವರ್ಷದ ಚಂದಾ ಹೋಯಿತು.

ಹೆಸರು ಸಿಗದಿದ್ದರೆ ಅನುಮಾನ ಇರುವ ಅಕ್ಷರದ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿ ನೋಡಿ. ಕಿವಿಗೆ ಕೇಳಿಸಿದ ಹಾಗೆ ಬರೆದುಕೊಂಡ ಗುಮಾಸ್ತರೇ ಜಾಸ್ತಿ. ಆಮೇಲೆ 1880ರ ಜನಗಣತಿ ತೆಗೆಯಿರಿ. ಮನೆ ಯಜಮಾನನಿಗೆ ಯಾರು ಏನಾಗಬೇಕು ಅಂತ ಬರೆದದ್ದು ಅದರಲ್ಲೇ ಮೊದಲು. ಬೀಗರ ಅಜ್ಜಿಯ ಮನೆಯಲ್ಲಿ ಅವಳ ಅತ್ತೆಯೂ ಇದ್ದಳು ಅಂತ ನಮಗೆ ತಿಳಿದದ್ದು ಅಲ್ಲೇ.